ಗಾಣಗಾಪುರದ ಗೋಡೆಯ ಮೇಲೊಂದು ಗೆರೆ

ಕಲಬುರಗಿಯಿಂದ ಗಾಣಗಾಪುರದ ಬಸ್ ಹತ್ತಿದಾಗ ದತ್ತನ ಪಾದುಕೆ ಬಿಟ್ಟರೆ ತಲೆಯಲ್ಲಿ ಬೇರೇನೂ ಇರಲಿಲ್ಲ. ದಾರಿಯ ಎರಡೂ ಕಡೆ ತೊಗರಿ ಹೂ ಬಿಟ್ಟಿತ್ತು. ಇಲ್ಲಿಂದ ಸಮುದ್ರ ನೋಡಬೇಕು ಅಂದ್ರೆ ಪೂರ್ವಕ್ಕೆ ಹೋದರೂ ಪಶ್ಚಿಮಕ್ಕೆ ಹೋದರೂ ಒಂದು ರಾತ್ರಿಯ ಪ್ರಯಾಣ. ಚಂಡಮಾರುತ ನೆನಪಾಗುವ ಜಾಗವೇ ಅಲ್ಲ.

ನಿರ್ಗುಣ ಮಠದ ದರ್ಶನ ಬೇಗ ಮುಗಿಯಿತು. ಆಟೊ ಹಿಡಿದು ಸಂಗಮಕ್ಕೆ ಹೋದೆ. ಭೀಮೆಗೆ ಅಮರ್ಜಾ ಸೇರುವ ಜಾಗ. ಹಿಂದಿನ ರಾತ್ರಿ ಮಳೆ ಬಿದ್ದಿತ್ತು. ಎರೆಮಣ್ಣು ಚಪ್ಪಲಿಗೆ ಮೆತ್ತಿಕೊಂಡು ಹತ್ತು ಹೆಜ್ಜೆಗೇ ಕಾಲು ಎತ್ತಲಾಗದಷ್ಟು ಭಾರವಾಯಿತು. ಚಪ್ಪಲಿ ಕೈಯಲ್ಲಿ ಹಿಡಿದು ಒಂದು ಚಹಾದಂಗಡಿ ಸೇರಿದೆ. ಅಂಗಡಿಯ ಕಾಕಾ ನಗುತ್ತಾ ಮಣ್ಣು ಕೆರೆಯಲು ಒಂದು ಕಡ್ಡಿ ಕೊಟ್ಟರು. ಆಗಲೇ ಗೋಡೆಯ ಮೇಲಿನ ಗೆರೆ ಕಂಡಿದ್ದು. ಕೆಳಗೆ ಮಣ್ಣಿನ ಬಣ್ಣ, ಮೇಲೆ ಸುಣ್ಣದ ಬಣ್ಣ. ನನ್ನ ಹೆಗಲಿಗಿಂತ ಎತ್ತರ.

"ಹೊಳಿ ನೀರು ರೀ, ಇಪ್ಪತ್ತನೇ ಇಸ್ವಿದು," ಅಂದರು ಕಾಕಾ. "ಇಲ್ಲಿ ಮಳಿ ನಿಂತು ಬಿಸಲು ಬಿದ್ದಿತ್ತು ನೋಡ್ರಿ. ಆಮ್ಯಾಲ ಹೊಳಿ ಬಂತು. ಬೆಂಚು, ಸಕ್ಕರಿ ಚೀಲ ಎಲ್ಲಾ ಹೋತು."

ಮಳೆ ನಿಂತ ಮೇಲೆ ಹೊಳೆ! ಅದರ ಬೇರು ಇದ್ದದ್ದು ಬಂಗಾಳ ಕೊಲ್ಲಿಯಲ್ಲಿ. 2020ರ ಅಕ್ಟೋಬರ್ 13ರಂದು ಕಾಕಿನಾಡದ ಹತ್ತಿರ ವಾಯುಭಾರ ಕುಸಿತವೊಂದು ದಡ ದಾಟಿತು. ಹೈದರಾಬಾದನ್ನು ಮುಳುಗಿಸಿ, ನಮ್ಮ ಜಿಲ್ಲೆಗಳ ಮೇಲೆ ಸುರಿದು, ಸೋಲಾಪುರ, ಪಂಢರಾಪುರದ ಕಡೆ ಹೋಯಿತು. ಅಲ್ಲಿ ಬಿದ್ದ ನೀರೂ ಉಜನಿ ಅಣೆಕಟ್ಟಿನಿಂದ ಬಿಟ್ಟ ನೀರೂ ಭೀಮೆಯಲ್ಲೇ ಇಳಿದು ಬರಬೇಕಲ್ವಾ? ಹಾಗಾಗಿ ಪ್ರವಾಹ ಇಲ್ಲಿಗೆ ತಡವಾಗಿ ಬಂತು. ಅಫಜಲಪುರದಿಂದ ಯಾದಗಿರಿವರೆಗೆ ಹೊಳೆಸಾಲಿನ ತೊಗರಿ ನೀರಲ್ಲಿ ನಿಂತು ಕೊಳೆಯಿತು.

ಇಷ್ಟೆಲ್ಲ ಮಾಡಿದ್ದಕ್ಕೆ ಒಂದು ಹೆಸರೂ ಇಲ್ಲ. ನಮ್ಮ ಹವಾಮಾನ ಇಲಾಖೆಯ ಲೆಕ್ಕದಲ್ಲಿ ಗಾಳಿ ಗಂಟೆಗೆ 62 ಕಿ.ಮೀ. ಮುಟ್ಟಿದರೆ ಮಾತ್ರ ಅದು ಚಂಡಮಾರುತ, ಆಗ ಮಾತ್ರ ಹೆಸರು. ಇದು ಅಷ್ಟು ಬೀಸಲಿಲ್ಲ. ಗಾಳಿ ಅಳೆದು ಹೆಸರಿಡುತ್ತಾರೆ, ನೀರು ಅಳೆದು ಅಲ್ಲ. ನನಗೆ ಇದು ಸರಿ ಅನ್ನಿಸುವುದಿಲ್ಲ.

ಬೆಚ್ಚಗಿನ ಸಮುದ್ರವೇ ಚಂಡಮಾರುತದ ಹೊಟ್ಟೆಗೆ ಹಿಟ್ಟು. ನೆಲಕ್ಕೆ ಬಂದರೆ ಗಾಳಿ ಒಂದೆರಡು ದಿನದಲ್ಲಿ ಸುಸ್ತಾಗುತ್ತದೆ. ಆದರೆ ಹೊತ್ತು ತಂದ ನೀರನ್ನು ಎಲ್ಲಾದರೂ ಇಳಿಸಲೇಬೇಕು. 1975ರಲ್ಲಿ ನೀನಾ ಎಂಬ ಟೈಫೂನ್ (ಆ ಕಡೆ ಚಂಡಮಾರುತಕ್ಕೆ ಹೀಗೇ ಅನ್ನುವುದು) ಚೀನಾದ ಒಳನಾಡಿಗೆ ಬಂದು ನಿಂತು ಸುರಿಯಿತು. ಬಾನ್‌ಚಿಯಾವ್ ಅಣೆಕಟ್ಟು ಒಡೆದು ಹತ್ತಾರು ಸಾವಿರ ಜನ ಸತ್ತರು. 2017ರಲ್ಲಿ ಹಾರ್ವೆ ಹರಿಕೇನ್, ಅಂದರೆ ಅಮೆರಿಕದವರ ಚಂಡಮಾರುತ, ಕೆಲವು ದಿನ ಟೆಕ್ಸಸ್ ಸುತ್ತಮುತ್ತಲಿಂದ ಕದಲಲೇ ಇಲ್ಲ. ಕೆಲವೇ ದಿನದಲ್ಲಿ ಒಂದು ಕಡೆ 1,500 ಮಿ.ಮೀ. ಮಳೆ. ಕಲಬುರಗಿಗೆ ಎರಡು ವರ್ಷಕ್ಕೆ ಬೀಳುವಷ್ಟು, ಹೆಚ್ಚುಕಮ್ಮಿ. ದಡದಲ್ಲಿ ಕೊಲ್ಲುವುದೂ ಬಹುಪಾಲು ನೀರೇ. 1977ರಲ್ಲಿ ಆಂಧ್ರದ ದಿವಿಸೀಮೆಯಲ್ಲಿ, 2013ರಲ್ಲಿ ಹೈಯಾನ್ ಬಂದಾಗ ಫಿಲಿಪೀನ್ಸಿನ ಟಾಕ್ಲೋಬಾನ್‌ನಲ್ಲಿ ಸಮುದ್ರವೇ ಊರೊಳಗೆ ನುಗ್ಗಿತ್ತು.

ಇದನ್ನೆಲ್ಲ ಕಾಕಾಗೆ ಹೇಳಿದೆ. ಸ್ವಲ್ಪ ಜಾಸ್ತಿಯೇ ಹೇಳಿದೆ ಅನ್ನಿಸುತ್ತದೆ. ಚಹಾ ಆರಿತ್ತು.

"ಹೆಸರ ಇಡಲಿಲ್ಲೇನ್ರಿ ಅದಕ್ಕ?" ಅಂದರು. "ನಾವು ಇಪ್ಪತ್ತರ ಹೊಳಿ ಅಂತೀವಿ. ನಮ್ಮ ಮೊಮ್ಮಗ ಹುಟ್ಟಿದ್ದು ಆ ಹೊಳಿ ಇಳದ ಮರುವಾರ."

ಇನ್ನೊಂದು ಬಿಸಿ ಚಹಾ ಇಟ್ಟರು. ದುಡ್ಡು ತೆಗೆದುಕೊಳ್ಳಲಿಲ್ಲ. ಚಪ್ಪಲಿ ಇನ್ನೂ ಒಣಗಿರಲಿಲ್ಲ.