ಕೊಚ್ಚಿ ಡಾಕ್ಟ್ರ ಚೀಟಿ, ತೀರ್ಥಹಳ್ಳಿ ಮೆಡಿಕಲ್ ಶಾಪು

ಅಪ್ಪಯ್ಯನಿಗೆ ಪಾರ್ಕಿನ್ಸನ್ಸ್. ಕೈ ನಡುಗೋಕೆ ಶುರುವಾದಾಗ ಅವ್ರು ಕೊಚ್ಚಿಲಿ ತಮ್ಮನ ಮನೇಲಿದ್ರು, ಹಾಗಾಗಿ ಅಲ್ಲೇ ಒಬ್ರು ನ್ಯೂರಾಲಜಿಸ್ಟ್‌ಗೆ ತೋರಿಸಿದ್ದು, ಮಾತ್ರೆ ಹಿಡಿಸ್ತು, ಆಮೇಲೆ ಊರಿಗೆ ಬಂದ್ರೂ ಡಾಕ್ಟ್ರನ್ನ ಬದಲಾಯಿಸಲ್ಲ ಅಂತ ಹಠ. ಸರಿ, ವಿಡಿಯೋ ಕಾಲಲ್ಲೇ ತೋರಿಸಿದ್ರಾಯ್ತು ಅಂದ್ಕೊಂಡ್ವಿ.

ನಮ್ಮನೆ ಇರೋದು ತೀರ್ಥಹಳ್ಳಿಯಿಂದ ಒಳಗೆ, ಮನೇಲಿ ನೆಟ್‌ವರ್ಕ್ ಅನ್ನೋದೇ ಇಲ್ಲ, ತೋಟ ದಾಟಿ ಗುಡ್ಡದ ಮೇಲೆ ಹೋದ್ರೆ ಎರಡು ಕಡ್ಡಿ ಬರುತ್ತೆ. ಜೋರು ಮಳೆಗಾಲ ಬೇರೆ. ಒಂದು ಪ್ಲಾಸ್ಟಿಕ್ ಕುರ್ಚಿ ಹೊತ್ಕೊಂಡು ಹೋಗಿ ಅಪ್ಪಯ್ಯನ್ನ ಕೂರ್ಸಿ, ಒಂದು ಕೈಲಿ ಕೊಡೆ, ಇನ್ನೊಂದು ಕೈಲಿ ಮೊಬೈಲು, ಕಾಲಿಗೆ ಉಂಬಳ ಹತ್ತಿದ್ರೂ ಬಗ್ಗಿ ಕೀಳೋ ಹಾಗಿಲ್ಲ. ಡಾಕ್ಟ್ರು ಪಾಪ ಸಮಾಧಾನದಿಂದ ನೋಡಿದ್ರು. ಹೆಬ್ಬೆರಳಿಗೆ ತೋರುಬೆರಳು ತಾಗಿಸಿ ಬೇಗಬೇಗ ಬಡೀರಿ ಅಂದ್ರು. ಬಲಗೈ ಪರವಾಗಿಲ್ಲ, ಎಡಗೈ ನಾಲ್ಕೈದು ಸಲಕ್ಕೇ ಸೋತು ಬೆರಳು ಅಂಟ್ಕೊಂಡ ಹಾಗೆ ನಿಂತೇಬಿಡ್ತು. ಮಧ್ಯಾಹ್ನದ ಹೊತ್ತಿಗೆ ಮೈಯೆಲ್ಲ ಬಿಗಿಯುತ್ತೆ ಅಂತ ಹೇಳಿದ್ದಕ್ಕೆ ಲೆವೊಡೋಪಾ ಮಾತ್ರೆ ಇನ್ನೊಂದು ಹೊತ್ತು ಜಾಸ್ತಿ ಮಾಡಿ ಚೀಟಿ ವಾಟ್ಸಾಪಲ್ಲಿ ಕಳಿಸಿದ್ರು.

ಗುಡ್ಡ ಹತ್ತಿದ್ದೇ ಕಷ್ಟ ಅಂದ್ಕೊಂಡಿದ್ದೆ, ಮೆಡಿಕಲ್ ಶಾಪಲ್ಲಿ ಬೇರೆಯೇ ಕಥೆ. ಅಲ್ಲಿದ್ದ ಹುಡುಗ ಮೊಬೈಲ್ ಇಸ್ಕೊಂಡು ಚೀಟಿ ದೊಡ್ಡದು ಮಾಡಿ ನೋಡ್ದ, ಡಾಕ್ಟ್ರ ಹೆಸರಿನ ಕೆಳಗೆ ಟಿಸಿಎಂಸಿ ಅಂತ ನಂಬರು, ಅಂದ್ರೆ ಹಿಂದಿದ್ದ ತಿರುವಾಂಕೂರು ಕೊಚ್ಚಿನ್ ಮೆಡಿಕಲ್ ಕೌನ್ಸಿಲ್‌ದು, ಕೇರಳದ ರಿಜಿಸ್ಟ್ರೇಷನ್. "ಇದು ಕೇರಳದ್ದು ಸಾರ್, ನಮ್ಮಲ್ಲಿ ನಡಿಯಲ್ಲ" ಅಂದ. ನಡಿಯುತ್ತೆ ಮಾರಾಯ ಅಂತ ನಾನು. ಇನ್‌ಸ್ಪೆಕ್ಟರ್ ಬಂದ್ರೆ ನೀವು ಬರ್ತೀರಾ ಅಂತ ಅವ. ಹಿಂದೆ ನಿಂತಿದ್ದವ್ರೆಲ್ಲ ನಮ್ಮಿಬ್ಬರ ಮುಖ ನೋಡ್ತಿದ್ರು.

ನಿಜವಾಗ್ಲೂ ನಡಿಯುತ್ತೆ. ಲಾಕ್‌ಡೌನ್ ಶುರುವಾದ ದಿನವೇ, 2020ರ ಮಾರ್ಚ್ 25ಕ್ಕೆ, ಕೇಂದ್ರದಿಂದ ಟೆಲಿಮೆಡಿಸಿನ್ ಮಾರ್ಗಸೂಚಿ ಬಂತು, ಯಾವುದೇ ರಾಜ್ಯದ ರಿಜಿಸ್ಟರಲ್ಲಿ ಹೆಸರಿರೋ ಡಾಕ್ಟ್ರು ದೇಶದ ಯಾವ ಮೂಲೆಯ ಪೇಷೆಂಟನ್ನಾದ್ರೂ ಫೋನಲ್ಲಿ ವಿಡಿಯೋದಲ್ಲಿ ನೋಡ್ಬಹುದು, ಚೀಟಿಲಿ ರಿಜಿಸ್ಟ್ರೇಷನ್ ನಂಬರ್ ಹಾಕ್ಬೇಕು, ಅಮಲು ಬರೋ ಅಂಥ ಕೆಲವು ಔಷಧಿ ಬರೆಯೋ ಹಾಗಿಲ್ಲ, ಅಷ್ಟೇ. ಮಜಾ ಅಂದ್ರೆ ಅದೇ ಡಾಕ್ಟ್ರು ತೀರ್ಥಹಳ್ಳಿಗೆ ಬಂದು ಬೋರ್ಡ್ ಹಾಕಿ ಕೂತ್ರೆ ಕರ್ನಾಟಕ ಮೆಡಿಕಲ್ ಕೌನ್ಸಿಲಲ್ಲಿ ಹೆಸರು ಬರೆಸ್ಬೇಕು, ಮೊಬೈಲಲ್ಲಿ ಬಂದ್ರೆ ಬೇಡ!

ಅಮೆರಿಕದ ಕಥೆ ಇದಕ್ಕಿಂತ ಕಷ್ಟ. ಅತ್ತೆ ಮಗಳು ನ್ಯೂಜೆರ್ಸಿಲಿ ಡಾಕ್ಟ್ರು. ಅಲ್ಲಿ ಪೇಷೆಂಟ್ ಕೂತಿರೋ ರಾಜ್ಯದ ಲೈಸೆನ್ಸೇ ಡಾಕ್ಟ್ರ ಹತ್ರ ಇರ್ಬೇಕಂತೆ, ನದಿ ದಾಟಿದ್ರೆ ಪೆನ್ಸಿಲ್ವೇನಿಯಾ, ಅಲ್ಲಿಂದ ಅವಳ ಹಳೇ ಪೇಷೆಂಟೇ ಫೋನ್ ಮಾಡಿದ್ರೂ ಲೈಸೆನ್ಸ್ ಇಲ್ಲದೆ ನೋಡೋ ಹಾಗಿಲ್ಲ. ಕೋವಿಡ್ ಟೈಮಲ್ಲಿ ಸಡಿಲ ಮಾಡಿದ್ದು ಆಮೇಲೆ ಎಷ್ಟೋ ರಾಜ್ಯಗಳು ವಾಪಸ್ ತಗೊಂಡ್ವು. ರಾಜ್ಯಗಳೇ ಸೇರಿ ಮಾಡ್ಕೊಂಡ ಒಪ್ಪಂದ ಒಂದಿದೆ, 2017ರಿಂದ ಅದರಲ್ಲಿ ಲೈಸೆನ್ಸ್ ಕೊಡ್ತಿದ್ದಾರೆ, ಆದ್ರೆ ಅದು ಒಂದೇ ಲೈಸೆನ್ಸ್ ಅಲ್ಲ, ಪ್ರತಿ ರಾಜ್ಯದ್ದೂ ಬೇಗ ಸಿಗುತ್ತೆ ಅಷ್ಟೆ, ದುಡ್ಡು ಬೇರೆಬೇರೆಯಾಗೇ ಕಟ್ಬೇಕು. ಅಲ್ಲಿ ಜನ ಕಾರಲ್ಲಿ ಗಡಿ ದಾಟಿ, ರಸ್ತೆ ಬದಿ ನಿಲ್ಲಿಸ್ಕೊಂಡು ವಿಡಿಯೋ ಕಾಲ್ ಮಾಡಿ ವಾಪಸ್ ಹೋಗ್ತಾರಂತೆ. ನಾವು ಸಿಗ್ನಲ್‌ಗೆ ಗುಡ್ಡ ಹತ್ತಿದ್ರೆ ಅವ್ರು ಕಾನೂನಿಗೆ ಸೇತುವೆ ದಾಟ್ತಾರೆ.

ಅಂತೂ ಅಂಗಡಿ ಓನರ್ ಬಂದ್ರು. ಚೀಟಿ ಪ್ರಿಂಟ್ ಹಾಕಿಸಿ ಇಟ್ಕೊಂಡು ಒಂದೇ ಒಂದು ಸ್ಟ್ರಿಪ್ ಕೊಟ್ರು, ಮುಂದಿನ ಸಲ ಇಲ್ಲಿಯ ಡಾಕ್ಟ್ರ ಹತ್ರ ಒಂದು ಸೈನ್ ಹಾಕಿಸ್ಕೊಂಡೇ ಬನ್ನಿ ಅಂದ್ರು. ಕಾನೂನು ಮಾತಾಡಿ ಉಪಯೋಗ ಇರ್ಲಿಲ್ಲ, ಮನೇಲಿ ಮಾತ್ರೆ ಖಾಲಿ. ನಮ್ಮ ಫ್ಯಾಮಿಲಿ ಡಾಕ್ಟ್ರು ಚೀಟಿ ತಿರುಗಿಸಿ ಮುರುಗಿಸಿ ನೋಡಿ, "ನೋಡಿದ್ದು ಅವ್ರು, ಸೈನ್ ನಂದು, ನಾಳೆ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಯಾರನ್ನ ಹಿಡೀತೀಯ ಮಾರಾಯ?" ಅಂದ್ರು. ದುಡ್ಡು ತಗೊಳ್ಳಲಿಲ್ಲ, ಸೈನ್ ಹಾಕಿದ್ರು.

ಅವ್ರು ಕೇಳಿದ್ದು ಸರಿಯಾಗೇ ಇದೆ. ಡಾಕ್ಟ್ರ ಮೇಲೆ ಮೆಡಿಕಲ್ ಕೌನ್ಸಿಲಿಗೆ ದೂರು ಕೊಡ್ಬೇಕು ಅಂದ್ರೆ ಅವರ ಹೆಸರು ಯಾವ ರಾಜ್ಯದ ಕೌನ್ಸಿಲಲ್ಲಿದ್ಯೋ ಅಲ್ಲಿಗೇ ಹೋಗ್ಬೇಕು, ಅಂದ್ರೆ ಈ ಕೇಸಲ್ಲಿ ತೀರ್ಥಹಳ್ಳಿಯವ್ರು ತಿರುವನಂತಪುರಕ್ಕೆ ಬರೀಬೇಕು. ಡಾಕ್ಟ್ರಿಗೆ ಗಡಿ ತೆಗೆದ್ರಿ, ಒಳ್ಳೇದೇ ಆಯ್ತು, ಅಮೆರಿಕದ ಹಾಗೆ ಬೇಲಿ ಹಾಕಿ ಅಂತ ನಾನಂತೂ ಹೇಳಲ್ಲ, ಹಾಕಿದ್ರೆ ಮೊದಲು ಸಾಯೋದು ನಮ್ಮಂಥ ಊರಿನವ್ರೇ, ನ್ಯೂರಾಲಜಿಸ್ಟ್ ಏನು ನಮ್ಮೂರ ಸಂತೇಲಿ ಸಿಗ್ತಾರಾ. ಆದ್ರೆ ದೂರು ಕೊಡೋದು ಪೇಷೆಂಟ್ ಇರೋ ಊರಲ್ಲೇ ಆಗ್ಬೇಕು, ಇಲ್ಲಿಯ ಕೌನ್ಸಿಲೇ ತಗೊಂಡು ಅಲ್ಲಿಗೆ ಕಳಿಸ್ಲಿ. ಇಡೀ ದೇಶದ ಡಾಕ್ಟ್ರ ಹೆಸರು ಒಂದೇ ಕಡೆ ಸೇರಿಸೋಕೆ ರಾಷ್ಟ್ರೀಯ ರಿಜಿಸ್ಟರ್ ಪೋರ್ಟಲ್ 2024ರಲ್ಲಿ ಶುರುವಾಗಿದೆ. ಅದು ಪೂರ್ತಿಯಾಗಿ, ಮೆಡಿಕಲ್ ಶಾಪಿನ ಹುಡುಗ ನಂಬರ್ ಹೊಡೆದ ಕೂಡ್ಲೇ ಇವ್ರು ಅಸಲಿ ಡಾಕ್ಟ್ರು ಅಂತ ಕನ್ನಡದಲ್ಲಿ ತೋರಿಸೋ ಹಾಗಾಗ್ಲಿ. ಅವನದ್ದೂ ತಪ್ಪಿಲ್ಲ, ಆ ಮಾರ್ಗಸೂಚಿ ಬಗ್ಗೆ ಅವನಿಗೆ ಯಾರೂ ಹೇಳಿಯೇ ಇರ್ಲಿಲ್ಲ.