ದನ ಬರುವ ಮೊದಲು ಮೇವು: ಡ್ರಮ್ಮಿನ ರಸಮೇವು ಅಂತೂ ಸರಿಬಂತು

ಅಂತೂ ಸರಿಬಂತು! ಆಟಿಯ (ಜುಲೈ-ಆಗಸ್ಟ್) ಮಳೆಯಲ್ಲಿ ರಸಮೇವು, ಅಂದರೆ ಗಾಳಿಯಾಡದಂತೆ ಮುಚ್ಚಿ ಹುಳಿ ಬರಿಸುವ ಹಸಿರು ಮೇವು (ಸೈಲೇಜ್), ತುಂಬಿಸಿಟ್ಟ ಡ್ರಮ್ಮುಗಳಲ್ಲಿ ಒಂದನ್ನು ಮೊನ್ನೆ ಬಿಚ್ಚಿದೆ. ಮೇಲಿನ ನಾಲ್ಕು ಬೆರಳಷ್ಟು ಮಾತ್ರ ಬಿಳಿ ಬೂಷ್ಟು. ಅದನ್ನು ತೆಗೆದು ಗೊಬ್ಬರದ ಗುಂಡಿಗೆ ಹಾಕಿದ ಮೇಲೆ ಕೆಳಗೆ ಹಳದಿ ತಿರುಗಿದ ಹಸಿರು ಮೇವು, ಹುಳಿ ಬಂದ ದೋಸೆ ಹಿಟ್ಟಿನಂಥ ವಾಸನೆ. ಪಿಎಚ್ ಕಾಗದ ಒತ್ತಿದರೆ 4ರ ಆಸುಪಾಸು, ಅಂದರೆ ಹುಳಿ ಚೆನ್ನಾಗಿ ಬಂದಿದೆ. ಪಕ್ಕದ ಮನೆ ದೊಡ್ಡಮ್ಮನ ಹಸುವಿಗೆ ಒಂದು ಬುಟ್ಟಿ ಕೊಟ್ಟೆ. ಮೊದಲು ಮೂಸಿ ಮುಖ ತಿರುಗಿಸಿತು, ಆಮೇಲೆ ಬುಟ್ಟಿಯ ತಳ ನೆಕ್ಕಿತು. ದೊಡ್ಡಮ್ಮ "ನಾಳೆಗೂ ಇದ್ರೆ ತಾ ಮಗಾ" ಅಂದರು.

ನಮ್ಮ ಹಟ್ಟಿಗೆ ದನ ಇನ್ನೂ ಬಂದಿಲ್ಲ. ಕಾಸರಗೋಡು ಜಿಲ್ಲೆಯ ಬದಿಯಡ್ಕದ ಈಚೆ, ಗುಡ್ಡೆಯ ಬುಡದಲ್ಲಿ ಅಡಿಕೆ ತೋಟ, ಮೇಲೆ ಮುರಕಲ್ಲಿನ ಗುಡ್ಡೆ. ಸಂಕ್ರಾಂತಿ ಕಳೆದ ಮೇಲೆ ಎರಡು ಕಾಸರಗೋಡು ಗಿಡ್ಡ, ಅಂದರೆ ನಮ್ಮ ಕಡೆಯ ಕುಳ್ಳ ತಳಿಯ ಹಸು, ತರುವ ಯೋಚನೆ. ಈ ತಳಿ ಉಳಿಸುವುದಕ್ಕೆಂದೇ ಬೇಳದಲ್ಲಿ ಸರ್ಕಾರಿ ಫಾರ್ಮ್ ಇರುವುದು ನಮ್ಮ ಕಡೆಯವರಿಗೆಲ್ಲ ಗೊತ್ತು. ಹಾಲು ಒಂದೆರಡು ಲೀಟರ್ ಸಿಕ್ಕಿದರೆ ಸಾಕು, ನಮಗೆ ಬೇಕಾದದ್ದು ತೋಟಕ್ಕೆ ಸಗಣಿ, ಮನೆಗೆ ಮಜ್ಜಿಗೆ. ಹಟ್ಟಿಯ ನೆಲ, ಗೋದಲಿ, ಸುರಂಗದ (ನೀರಿಗಾಗಿ ಗುಡ್ಡೆಗೆ ಅಡ್ಡಲಾಗಿ ಕೊರೆದದ್ದು) ನೀರಿಗೆ ಪೈಪು ಎಳೆದದ್ದು ಇವೆಲ್ಲ ಮಾಮೂಲಿ ಕೆಲಸ, ಮುಗಿದಿದೆ.

ಉಳಿದಿದ್ದದ್ದು ಬೇಸಿಗೆ. ಫೆಬ್ರವರಿಯಿಂದ ಮೇ ವರೆಗೆ ಗುಡ್ಡೆಯಲ್ಲಿ ಒಂದು ಎಳೆ ಹಸಿರು ಇರುವುದಿಲ್ಲ, ಸುರಂಗದ ನೀರೂ ಸಪೂರ ಆಗುತ್ತದೆ, ಇದ್ದ ನೀರು ಅಡಿಕೆಗೇ ಸಾಲದು. ಬೈಹುಲ್ಲು ಘಟ್ಟದ ಮೇಲಿಂದ ಲಾರಿಯಲ್ಲಿ ಬರಬೇಕು, ಅದರ ಕಥೆ ಬೇರೆಯೇ ಇದೆ. ಕಟ್ಟಿನ ಲೆಕ್ಕದಲ್ಲಿ ಮಾರುತ್ತಾರೆ, ಕಟ್ಟು ಮಾತ್ರ ವರ್ಷದಿಂದ ವರ್ಷಕ್ಕೆ ಚಿಕ್ಕದಾಗುತ್ತಾ ಬರುತ್ತದೆ. ನಡುವಿನ ಕಟ್ಟು ಬಿಚ್ಚಿದರೆ ಒದ್ದೆ, ಫೋನು ಮಾಡಿದರೆ "ಮಳೆ ಅಲ್ವಾ ಅಣ್ಣ" ಅನ್ನುತ್ತಾರೆ. ಹಾಗಾಗಿ ಮಳೆಗಾಲದಲ್ಲಿ ಸಮೃದ್ಧವಾಗಿ ಬೆಳೆಯುವ ಹುಲ್ಲನ್ನೇ ಡ್ರಮ್ಮಿಗೆ ತುಂಬಿಸಿ ಬೇಸಿಗೆಗೆ ಇಡುವುದು ಅಂತ ತೀರ್ಮಾನ.

ಲೆಕ್ಕ ಹೀಗೆ. ಗಿಡ್ಡ ಹಸುವಿನ ತೂಕ 140 ಕೆಜಿ ಅಂತ ಹಿಡಿದರೆ, ತೂಕದ ನೂರಕ್ಕೆ 2.5 ಪಾಲು ಒಣ ಅಂಶ (ಮೇವಿನ ನೀರು ಬಿಟ್ಟು ಉಳಿದದ್ದು) ಬೇಕು, ಅಂದರೆ ದಿನಕ್ಕೆ 3.5 ಕೆಜಿ. ಅದರಲ್ಲಿ ಅರ್ಧ ರಸಮೇವಿನಿಂದ ಬರಲಿ ಅಂದರೆ, ರಸಮೇವಿನಲ್ಲಿ ನೂರಕ್ಕೆ 30 ಒಣ ಅಂಶ ಅಂತ ಹಿಡಿದು, ಒಂದು ಹಸುವಿಗೆ ಸುಮಾರು 6 ಕೆಜಿ, ಎರಡಕ್ಕೆ 12. ನಾಲ್ಕು ತಿಂಗಳಿಗೆ 1,440 ಕೆಜಿ. 200 ಲೀಟರಿನ ಡ್ರಮ್ಮಿಗೆ ಕಾಲಲ್ಲಿ ತುಳಿದು ತುಂಬಿಸಿದರೆ ಸುಮಾರು 100 ಕೆಜಿ ಹಿಡಿಯುತ್ತದೆ. ಹದಿನೈದು ಡ್ರಮ್ಮು ಬೇಕು.

ಡ್ರಮ್ಮು ತರಿಸಿದ್ದೇ ಒಂದು ಜಗಳ. ಆಹಾರ ತುಂಬಿಸಿದ್ದ ಡ್ರಮ್ಮು ಅಂತ ಹೇಳಿ ಕಳಿಸಿದ್ದರಲ್ಲಿ ಕೆಲವಕ್ಕೆ ಮೂಗು ಸುಡುವ ಕೆಮಿಕಲ್ ವಾಸನೆ. ಅವನ್ನು ಹಾಗೇ ವಾಪಸ್ ಕಳಿಸಿದೆ. ಉಳಿದವಕ್ಕೆ ಮುಚ್ಚಳ ಬಂತು, ಕಬ್ಬಿಣದ ರಿಂಗೂ ಬಂತು, ನಡುವೆ ಕೂರುವ ರಬ್ಬರ್ ಮಾತ್ರ ಇಲ್ಲ. ಕೇಳಿದರೆ ಅದಕ್ಕೆ ಬೇರೆ ರೇಟು! ಒಳಗೆ ಗಾಳಿ ಹೋದರೆ ರಸಮೇವಿಲ್ಲ, ರಬ್ಬರಿಲ್ಲದ ಮುಚ್ಚಳ ಯಾವ ಉಪಯೋಗಕ್ಕೆ? ಹಳೇ ಸ್ಕೂಟರ್ ಟ್ಯೂಬನ್ನು ಉದ್ದಕ್ಕೆ ಸೀಳಿ ಬಾಯಿಯ ಸುತ್ತ ಕೂರಿಸಿದೆ. ಗಟ್ಟಿಯಾಗಿ ಕೂತಿದೆ.

ಹುಲ್ಲು ಸಿಒ-5, ಕೊಯಂಬತ್ತೂರು ಕೃಷಿ ವಿಶ್ವವಿದ್ಯಾಲಯದ ನೇಪಿಯರ್. ನಮ್ಮ ಕೆಂಪು ಮಣ್ಣಿನಲ್ಲೂ ಮಳೆಗಾಲದಲ್ಲಿ ಆಳೆತ್ತರ ಬರುತ್ತದೆ, ಕೊಯ್ದು 45 ದಿನಕ್ಕೆ ಮತ್ತೆ ಕೊಯ್ಲಿಗೆ ರೆಡಿ. ತೊಂದರೆ ಇರುವುದು ನೀರಿನಲ್ಲಿ. ಎಳೆ ನೇಪಿಯರಿನಲ್ಲಿ ನೂರಕ್ಕೆ 80ಕ್ಕಿಂತ ಜಾಸ್ತಿ ನೀರು. ರಸಮೇವಿಗೆ ಬೇಕಾದದ್ದು 65ರಿಂದ 70. ಬಯಲುಸೀಮೆಯವರು "ಅರ್ಧ ದಿನ ಬಿಸಿಲಿಗೆ ಹರಡಿ ಬಾಡಿಸಿ" ಅಂತ ಸುಲಭದಲ್ಲಿ ಹೇಳಿಬಿಡುತ್ತಾರೆ. ವರ್ಷಕ್ಕೆ 3,000 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುವ ಊರಲ್ಲಿ ಜುಲೈ ತಿಂಗಳ ಬಿಸಿಲನ್ನು ಎಲ್ಲಿಂದ ತರುವುದು?

ಜೂನಿನಲ್ಲಿ ತುಂಬಿಸಿದ ಡ್ರಮ್ಮು ಬಿಚ್ಚಿದ ದಿನ ಅಮ್ಮ ಅಂಗಳದಿಂದಲೇ "ಹಳೇ ತುಪ್ಪ ಯಾರು ಚೆಲ್ಲಿದ್ದು?" ಅಂತ ಕೂಗಿದರು. ಅಮ್ಮನ ಮೂಗು ಸರಿಯಾಗಿಯೇ ಹೇಳಿತ್ತು. ಹಾಳಾದ ತುಪ್ಪಕ್ಕೆ ಆ ವಾಸನೆ ಕೊಡುವ ಬ್ಯುಟಿರಿಕ್ ಆಮ್ಲವೇ ಇಲ್ಲೂ ಹುಟ್ಟಿತ್ತು. ನೀರು ಜಾಸ್ತಿ ಇದ್ದರೆ ಹುಳಿ ಮಾಡುವ ಒಳ್ಳೆಯ ಬ್ಯಾಕ್ಟೀರಿಯಾ ಗೆಲ್ಲುವ ಮೊದಲೇ ಮೇವು ಕೆಡಿಸುವ ಕ್ಲಾಸ್ಟ್ರಿಡಿಯಾ ಬ್ಯಾಕ್ಟೀರಿಯಾ ಗೆದ್ದುಬಿಡುತ್ತದೆ. ಡ್ರಮ್ಮಿನ ತಳದಲ್ಲಿ ಮೊಣಕೈ ಆಳಕ್ಕೆ ಕಪ್ಪು ನೀರು. ನೂರು ಕೆಜಿಗೆ ಎರಡು ಕೆಜಿ ಬೆಲ್ಲ ಕರಗಿಸಿ ಹಾಕಿದ್ದೂ ನೀರುಪಾಲು. ಬೆಲ್ಲ ಬ್ಯಾಕ್ಟೀರಿಯಾಕ್ಕೆ ಊಟ ಕೊಡುತ್ತದೆ, ಹುಲ್ಲಿನ ನೀರನ್ನು ಏನೂ ಮಾಡುವುದಿಲ್ಲ.

ಅಡಿಕೆ ಒಣಗಿಸುವ ಪ್ಲಾಸ್ಟಿಕ್ ಮಾಡಿನ ಅಡಿಯಲ್ಲಿ ಹುಲ್ಲು ಹರಡಿ ನೋಡಿದೆ. ಮಳೆಗಾಲದಲ್ಲಿ ಆ ಜಾಗ ಹೇಗೂ ಖಾಲಿ. ಫ್ಯಾನು ಇಟ್ಟರೂ ಮರುದಿನಕ್ಕೆ ಎಲೆ ಸ್ವಲ್ಪ ಜೋತುಬೀಳುತ್ತದೆ, ದಂಟು ಹಾಗೇ ಇರುತ್ತದೆ. ಗಾಳಿಯೇ ಒದ್ದೆ ಇರುವಾಗ ಅದು ಹುಲ್ಲಿನ ನೀರು ಹೀರುವುದು ಹೇಗೆ? ಇನ್ನೊಂದು ದಿನ ಬಿಟ್ಟರೆ ರಾಶಿಯ ಒಳಗೆ ಬಿಸಿ ಏಳುತ್ತದೆ.

ಹುಲ್ಲನ್ನು ಒಣಗಿಸಲು ಆಗದಿದ್ದರೆ ಒಣಗಿದ್ದನ್ನೇ ಅದಕ್ಕೆ ಸೇರಿಸುವುದು. ಬೈಹುಲ್ಲು ದುಡ್ಡು ಕೊಟ್ಟು ತರಬೇಕು. ಅಡಿಕೆ ಹಾಳೆ? ಬೇಸಿಗೆಯಲ್ಲಿ ಹೆಕ್ಕಿ ಅಡುಗೆಮನೆಯ ಅಟ್ಟದಲ್ಲಿ ಹೊಗೆ ತಾಗುವ ಕಡೆ ಒಟ್ಟಿದ ಹಾಳೆ ಆಟಿಯಲ್ಲೂ ಗರಿಗರಿ ಇತ್ತು. ಹಾಳೆಯನ್ನು ಸಣ್ಣಗೆ ಕತ್ತರಿಸಿ ದನಕ್ಕೆ ಹಾಕುವುದು ಪುತ್ತೂರು ಕಡೆ ಹೊಸದೇನಲ್ಲ. ಅದನ್ನೇ ಡ್ರಮ್ಮಿನೊಳಗೆ ನೀರು ಹೀರಲು ಹಾಕಿದರೆ ಹೇಗೆ ಅಂತ ಲೆಕ್ಕ ಹಾಕಿದೆ. ಹುಲ್ಲಿನಲ್ಲಿ ನೂರಕ್ಕೆ 18 ಒಣ ಅಂಶ, ಹಾಳೆಯಲ್ಲಿ 90. ನೂರು ಕೆಜಿ ಹುಲ್ಲಿಗೆ 20 ಕೆಜಿ ಹಾಳೆ ಸೇರಿದರೆ 18 ಮತ್ತು 18, ಒಟ್ಟು 36. ತೂಕ 120. ಸರಿಯಾಗಿ ನೂರಕ್ಕೆ 30, ಅಂದರೆ ನೀರು 70! ಕಾಗದದ ಮೇಲೆ ಇದು ಬಂದಾಗ ರಾತ್ರಿ ಹನ್ನೊಂದು ಗಂಟೆಗೆ ಅಪ್ಪನನ್ನು ಎಬ್ಬಿಸಿ ತೋರಿಸಿದೆ.

ಹಾಳೆ ಕತ್ತರಿಸುವುದು ಮಾತ್ರ ಸುಮ್ನೆ ಆಗುವ ಕೆಲಸ ಅಲ್ಲ. ಉದ್ದಕ್ಕೆ ಕೊಟ್ಟರೆ ನಾರು ನಾರಾಗಿ ಮೇವು ಕತ್ತರಿಸುವ ಚಾಫ್ ಕಟ್ಟರಿನ ರೋಲರಿಗೆ ಸುತ್ತಿಕೊಳ್ಳುತ್ತದೆ. ಮೊದಲು ಕತ್ತಿಯಲ್ಲಿ ಮೂರು ಬೆರಳಗಲದ ಪಟ್ಟಿ ಮಾಡಿ ಆಮೇಲೆ ಕೊಡಬೇಕು. ಬ್ಲೇಡು ಬೇಗ ಮೊಂಡಾಗುತ್ತದೆ. ಹೊಸ ಬ್ಲೇಡು ತರಿಸಿದರೆ ಬೋಲ್ಟಿನ ತೂತು ಅರ್ಧ ಇಂಚು ಆಚೆ! ಮಾರಿದವರು "ಅದೇ ಮಾಡೆಲ್" ಅಂತ ಈಗಲೂ ವಾದಿಸುತ್ತಿದ್ದಾರೆ. ಕೊನೆಗೆ ವೆಲ್ಡಿಂಗ್ ಅಂಗಡಿಯ ಅಣ್ಣ ತೂತು ಕೊರೆದುಕೊಟ್ಟರು.

ಡ್ರಮ್ಮಿಗೆ ಹಾಕುವ ಮೊದಲು ಮುಷ್ಟಿ ಪರೀಕ್ಷೆ. ಬೆರೆಸಿದ ಮೇವನ್ನು ಅರ್ಧ ನಿಮಿಷ ಗಟ್ಟಿಯಾಗಿ ಹಿಂಡಿ ಕೈ ಬಿಚ್ಚಬೇಕು. ಬೆರಳ ಸಂದಿನಲ್ಲಿ ನೀರು ಇಳಿದರೆ ಇನ್ನಷ್ಟು ಹಾಳೆ ಬೇಕು. ಉಂಡೆ ಥಟ್ಟನೆ ಉದುರಿದರೆ ಒಣಗಿದ್ದು ಜಾಸ್ತಿ. ಅಂಗೈ ಬರೀ ತೇವ ಆಗಿ, ಉಂಡೆ ಮೆಲ್ಲಗೆ ಬಿಚ್ಚಿಕೊಂಡರೆ ಹದ. ಮಳೆ ಹನಿ ಮೈಮೇಲಿರುವ ಹುಲ್ಲಾದರೆ 20 ಕೆಜಿ ಹಾಳೆ ಸಾಲುವುದಿಲ್ಲ, ಆಗ ಲೆಕ್ಕಕ್ಕಿಂತ ಕೈಯನ್ನೇ ನಂಬುವುದು. ಪ್ರತಿ ಗೇಣಿಗೊಮ್ಮೆ ತುಳಿಯಬೇಕು, ಅಂಚಿನಲ್ಲಿ ಜಾಸ್ತಿ. ಹಾಳೆಯಲ್ಲಿ ಪ್ರೋಟೀನ್ ಕಡಿಮೆ, ಅದಕ್ಕೆ ತಿನ್ನಿಸುವಾಗ ಜೊತೆಗೆ ತೆಂಗಿನ ಹಿಂಡಿ, ಬೇಲಿಯ ಗ್ಲಿರಿಸಿಡಿಯಾ ಸೊಪ್ಪು.

ಸೊಪ್ಪು ಅಂದಾಗ ನೆನಪಾಯಿತು, ಮುಂದಿನ ಯೋಜನೆ ಗೋಬರ್ ಗ್ಯಾಸ್. ಒಂದು ಘನ ಮೀಟರ್ ಗ್ಯಾಸಿಗೆ ಸುಮಾರು 25 ಕೆಜಿ ಸಗಣಿ ಬೇಕು, ಎರಡು ಗಿಡ್ಡದಿಂದ ಅಷ್ಟು ಬರುವುದಿಲ್ಲ. ಅಡುಗೆಮನೆಯ ಕಸ, ಹಲಸಿನ ಕಾಲದಲ್ಲಿ ಅದರ ರೆಚ್ಚೆ ಎಲ್ಲ ಸೇರಿಸಿ ಸಣ್ಣದೊಂದು ಫೈಬರ್ ಪ್ಲಾಂಟ್ ಕೂರಿಸಬಹುದು. ಹಟ್ಟಿ ತೋಟಕ್ಕಿಂತ ಎತ್ತರದಲ್ಲಿದೆ, ಸ್ಲರಿ ಪಂಪಿಲ್ಲದೆ ಅಡಿಕೆ ಬುಡಕ್ಕೆ ಇಳಿಯುತ್ತದೆ. ಜಾಗ ಅಳೆದು ಗೂಟ ಹೊಡೆದಾಗಿದೆ.

ರಸಮೇವಿನಲ್ಲಿ ಒಂದು ಚಿಂತೆ ಉಳಿದಿದೆ, ಮೈಲುತುತ್ತು (ತಾಮ್ರದ ಸಲ್ಫೇಟ್). ಕೊಳೆರೋಗಕ್ಕೆ ಮೈಲುತುತ್ತು, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಹೊಡೆಯದೆ ಅಡಿಕೆ ಉಳಿಯುವುದಿಲ್ಲ. ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತು ಅಂದರೆ ಹಾಳೆಯ ಮೇಲೂ ತಾಮ್ರ ಕೂರುತ್ತದೆ. ತಾಮ್ರ ಕುರಿಗಂತೂ ಆಗಿಬರುವುದೇ ಇಲ್ಲ, ದೊಡ್ಡ ದನ ಅದಕ್ಕಿಂತ ತಡೆದುಕೊಳ್ಳುತ್ತದೆ, ಎಳೆ ಕರುಗಳಿಗೆ ಜಾಗ್ರತೆ ಬೇಕು. ಹಾಗಾಗಿ ಮದ್ದು ಹೊಡೆದ ಮೇಲೆ ಬೀಳುವ ಹಾಳೆ ಮೇವಿಗಿಲ್ಲ. ಜನವರಿಯಿಂದ ಮೇ ಮಧ್ಯದವರೆಗೆ ಬಿದ್ದದ್ದನ್ನು ಮಾತ್ರ, ಬಿದ್ದ ದಿನವೇ ಹೆಕ್ಕಿ, ತೊಳೆದು ಒಣಗಿಸುವುದು. ನೀಲಿ ಕಲೆ ಕಂಡರೆ ಬದಿಗೆ. ಮುಂದಿನ ಬೇಸಿಗೆಯ ಹಾಳೆಯನ್ನು ತೊಳೆಯುವ ಮೊದಲು ಒಂದು, ತೊಳೆದ ಮೇಲೆ ಒಂದು ಅಂತ ಎರಡು ಸ್ಯಾಂಪಲ್ ಲ್ಯಾಬಿಗೆ ಕೊಟ್ಟು ತಾಮ್ರ ಎಷ್ಟಿದೆ ನೋಡಬೇಕು. ನಿಮ್ಮಲ್ಲಿ ಯಾರಾದರೂ ಈಗಾಗಲೇ ಮಾಡಿಸಿದ್ದರೆ ರಿಪೋರ್ಟು ತೋರಿಸಿ, ಕರು ಹುಟ್ಟುವ ಮೊದಲು ನನಗೆ ಅದು ಬೇಕೇ ಬೇಕು.