20 ಕಿ.ಮೀ. ಗೋಪುರದ ಲೆಕ್ಕ: ಮೇಲಕ್ಕಿಂತ ಕೆಳಗೆ ಬೀಳುವುದೇ ಲಾಭ

ಬಾಹ್ಯಾಕಾಶದ ಕಡೆಗೆ ಗೋಪುರ ಕಟ್ಟಿದರೆ ಅದರಿಂದ ಏನು ಉಪಯೋಗ? ಸ್ಪ್ರೆಡ್‌ಶೀಟ್‌ನಲ್ಲಿ ಈ ಲೆಕ್ಕ ಮುಂದುವರಿದಿದೆ. ಸದ್ಯಕ್ಕೆ ಎತ್ತರವನ್ನು 20 ಕಿ.ಮೀ.ಗೆ ನಿಲ್ಲಿಸಿದ್ದೇನೆ. ಅಂದರೆ ಬುರ್ಜ್ ಖಲೀಫಾದ 24 ಪಟ್ಟು. 2015ರಲ್ಲಿ ಕೆನಡಾದ ಥಾತ್ ಟೆಕ್ನಾಲಜಿ ಪೇಟೆಂಟ್ ಪಡೆದ ಗಾಳಿ ತುಂಬಿದ ಗೋಪುರದ ಎತ್ತರವೂ ಇಷ್ಟೇ.

ಮೊದಲು ರಾಕೆಟ್. ಎಲ್ಲರಿಗೂ ಹೊಳೆಯುವ ಉಪಯೋಗ ಇದೇ ಅಲ್ವಾ? ಆದರೆ ಕಕ್ಷೆಗೆ ಬೇಕಾದದ್ದು ಎತ್ತರಕ್ಕಿಂತ ಜಾಸ್ತಿ ವೇಗ, ಸೆಕೆಂಡಿಗೆ ಸುಮಾರು 7.8 ಕಿ.ಮೀ. ಅದಕ್ಕೆ ಪ್ರತಿ ಕಿಲೋಗೆ 30 ಮೆಗಾಜೂಲ್ ಶಕ್ತಿ ಬೇಕು. ಗೋಪುರ ಕೊಡುವುದು 0.2 ಮಾತ್ರ. ಅಲ್ಲಿ ಗಾಳಿಯ ಒತ್ತಡ ನೆಲದ ಮಟ್ಟದ ಶೇ. 6ಕ್ಕೂ ಕಡಿಮೆ, ಹಾಗಾಗಿ ನಿರ್ವಾತಕ್ಕೆಂದೇ ಮಾಡಿದ ದೊಡ್ಡ ನಾಜಲ್ಲನ್ನು (ಎಂಜಿನ್ನಿನ ಬಿಸಿ ಅನಿಲ ಹೊರಬರುವ ಬಾಯಿ) ಶುರುವಿನಿಂದಲೇ ಬಳಸಬಹುದು. ನನ್ನ ಪ್ರಕಾರ ನಿಜವಾದ ಲಾಭ ಇದು.

ರೇಡಿಯೋ ಸಂಪರ್ಕಕ್ಕೆ ಚೆನ್ನಾಗಿದೆ. ತುದಿಯಿಂದ ದಿಗಂತ 505 ಕಿ.ಮೀ. ದೂರ. ಇನ್‌ಫ್ರಾರೆಡ್ ದೂರದರ್ಶಕಕ್ಕೂ ಒಳ್ಳೆಯ ಜಾಗ, ಇನ್‌ಫ್ರಾರೆಡ್ ಕಿರಣಗಳನ್ನು ಹೀರುವ ನೀರಾವಿ ಬಹುತೇಕ ಎಲ್ಲ ಕೆಳಗೇ ಉಳಿಯುತ್ತದೆ. ಆದರೆ ತುದಿ ಓಲಾಡುವುದನ್ನು ತಡೆಯಬೇಕು.

ನನಗೆ ತುಂಬಾ ಇಷ್ಟವಾಗಿರುವುದು ಬೀಳುವ ಪ್ರಯೋಗ. ಜರ್ಮನಿಯ ಬ್ರೆಮೆನ್‌ನಲ್ಲಿ ಗಾಳಿ ತೆಗೆದ ಕೊಳವೆಯೊಳಗೆ ಕ್ಯಾಪ್ಸೂಲನ್ನು 110 ಮೀಟರ್ ಬೀಳಿಸುತ್ತಾರೆ. ತೂಕವಿಲ್ಲದ ಸ್ಥಿತಿ ಸಿಗುವುದು 4.7 ಸೆಕೆಂಡ್. ಕೆಳಗಿನಿಂದ ಚಿಮ್ಮಿಸಿದರೆ ಸುಮಾರು 9. ನಮ್ಮ ಗೋಪುರದಲ್ಲಿ ಅಂಥದ್ದೇ ಕೊಳವೆಯೊಳಗೆ 15 ಕಿ.ಮೀ. ಬೀಳಲು ಬಿಟ್ಟು, ಕೊನೆಯ 5 ಕಿ.ಮೀ.ಯಲ್ಲಿ ಬ್ರೇಕ್ ಹಾಕಿದರೆ 55 ಸೆಕೆಂಡ್ ಸಿಗುತ್ತದೆ! ನಿಲ್ಲುವಾಗ ಉಪಕರಣಗಳ ಮೇಲೆ ಬೀಳುವ ಭಾರ 4 ಜಿ, ಅಂದರೆ ಅವುಗಳ ತೂಕದ ನಾಲ್ಕು ಪಟ್ಟು, ಅಷ್ಟೇ. ತೂಕವಿಲ್ಲದೆ ಬೆಂಕಿ ಹೇಗೆ ಉರಿಯುತ್ತದೆ, ಕರಗಿದ ಲೋಹ ಹೇಗೆ ಹೆಪ್ಪುಗಟ್ಟುತ್ತದೆ ಅನ್ನುವ ಪ್ರಯೋಗಗಳಿಗೆ ಇದು ದೊಡ್ಡ ಸಮಯ. ಅದನ್ನೇ ದಿನಕ್ಕೆ ಹಲವು ಸಲ ಮಾಡಬಹುದು.

ಇಲ್ಲೊಂದು ತೊಡಕಿದೆ. ಭೂಮಿ ತಿರುಗುವುದರಿಂದ ಗೋಪುರದ ತುದಿ ಬುಡಕ್ಕಿಂತ ಸ್ವಲ್ಪ ಬೇಗ ಪೂರ್ವಕ್ಕೆ ಸಾಗುತ್ತಿರುತ್ತದೆ. ಆದ್ದರಿಂದ ಬಿಟ್ಟ ಕ್ಯಾಪ್ಸೂಲ್ ನೆಟ್ಟಗೆ ಇಳಿಯುವುದಿಲ್ಲ. ಸಮಭಾಜಕ ವೃತ್ತದಲ್ಲಿ, 55 ಸೆಕೆಂಡಿನಲ್ಲಿ, ಅದು ಪೂರ್ವಕ್ಕೆ ಸುಮಾರು 40 ಮೀಟರ್ ಸರಿಯುತ್ತದೆ. ನೇರ ಕೊಳವೆಯಾದರೆ ಗೋಡೆಗೆ ಬಡಿಯುವುದು ಖಂಡಿತ. ಕೊಳವೆಯನ್ನೇ ಆ ದಾರಿಗೆ ತಕ್ಕಂತೆ ಬಾಗಿಸಬೇಕು. ಧ್ರುವಕ್ಕೆ ಹತ್ತಿರ ಹೋದಷ್ಟೂ ಬಾಗು ಕಡಿಮೆ ಸಾಕು.

ಕಟ್ಟುವ ಭಾಗ ಇನ್ನೂ ಕಷ್ಟ. 250 ಮೆಗಾಪಾಸ್ಕಲ್ ಒತ್ತಡ ತಡೆಯುವ ಸಾಮಾನ್ಯ ಉಕ್ಕಾದರೆ, ಸ್ವಂತ ಭಾರ ಹೊರಲಿಕ್ಕೇ ಬುಡದ ಅಡ್ಡಕೊಯ್ತದ ವಿಸ್ತೀರ್ಣ ತುದಿಯದರ ಸುಮಾರು 470 ಪಟ್ಟು ಬೇಕು. ಕಾರ್ಬನ್ ಫೈಬರ್ ಲೆಕ್ಕ ಆಮೇಲೆ. ಈಗ ಬಾಗಿದ ಕೊಳವೆಯ ಆಕಾರ ಬರೆಯುತ್ತಿದ್ದೇನೆ. ಚಿಮ್ಮಿಸಿದಾಗ ಮೇಲೆ ಹೋಗುವ ದಾರಿಗೂ ಅದೇ ಕೊಳವೆ ಹೊಂದುತ್ತದಾ ಅಂತ ನೋಡಬೇಕು.